ಕಾಯ್ದ ಮನೆ, ಮಾರಿದ ಮನೆ: ಸ್ಮಾರಕಗೃಹಗಳ ಒಂದು ವಿಮರ್ಶೆ

೧

ಮಹನೀಯರು ಬಾಳಿ ಬದುಕಿದ ಮನೆಗಳನ್ನು ಕಾಯ್ದಿರಿಸಿ, ಅವುಗಳಲ್ಲಿ ಅವರ ಬಳಕೆಯ ವಸ್ತುಗಳನ್ನು ಜೋಡಿಸಿ, ಬಂದವರಿಗೆ ತೋರಿಸುವ ಪದ್ಧತಿಯು ಕನ್ನಡ ನಾಡಿಗೆ ತೀರ ಹಳೆಯದಲ್ಲ. ವೀರಗಲ್ಲು, ಮಾಸ್ತಿಗಲ್ಲು, ಗದ್ದುಗೆ, ಐಕ್ಯಸ್ಥಳ ಇವು ಇಲ್ಲಿಯ ಪ್ರಾಚೀನ ಸ್ಮಾರಕರೂಪಗಳು. ಅವೆಲ್ಲವೂ ಮನುಷ್ಯನ ಅಂತ್ಯವನ್ನು ಗುರುತಿಸುವಂಥವು. ಅವನು ಉಂಡು, ಮಲಗಿ, ಓದಿ, ಬರೆದ ಮನೆಯೇ ಸ್ಮಾರಕವಾಗಬೇಕೆಂಬ ಕಲ್ಪನೆಯು ಬಹುಮಟ್ಟಿಗೆ ಯುರೋಪಿನಿಂದ ಬಂದುದು. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡಿನಲ್ಲಿ ಶೇಕ್ಸ್‌ಪಿಯರನ ಜನ್ಮಗೃಹವನ್ನು ೧೮೪೭ರಲ್ಲಿ ಸಾರ್ವಜನಿಕರ ವಂತಿಗೆಯಿಂದ ಕೊಂಡುಕೊಳ್ಳಲಾಯಿತು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮಹಾಕವಿ ಗಯಟೆಯ ಮನೆಯನ್ನು ೧೮೬೩ರಲ್ಲಿ ಅಲ್ಲಿಯ ವಿದ್ವತ್ಸಂಸ್ಥೆಯೊಂದು ತನ್ನ ವಶಕ್ಕೆ ತೆಗೆದುಕೊಂಡಿತು.

ಕನ್ನಡದಲ್ಲಿ ಈ ಕಲ್ಪನೆ ಬೇರೂರಿದುದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ, ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರ ನಿವಾಸದ ನೆರೆಯಲ್ಲಿ ಎದ್ದ ಭವನ, ಪುತ್ತೂರಿನಲ್ಲಿ ಕಾರಂತರ ಬಾಲವನ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ‘ಗಿಳಿವಿಂಡು’, ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರ ಮನೆ ಇವು ಈಗ ನಾಡಿನ ಸಾಂಸ್ಕೃತಿಕ ಭೂಪಟದಲ್ಲಿ ಸೇರಿಹೋಗಿವೆ. ಇವುಗಳ ವಿಷಯವಾಗಿ ಬಂದಿರುವ ಬರವಣಿಗೆಗೂ ಕೊರತೆಯಿಲ್ಲ. ಆದರೆ ಆ ಬರವಣಿಗೆಯಲ್ಲಿ ಪ್ರವಾಸವರ್ಣನೆಯೂ ಸ್ತುತಿಯೂ ಹೆಚ್ಚು, ವಿಮರ್ಶೆ ವಿರಳ.

ಗ್ರಂಥವನ್ನು ವಿಮರ್ಶಿಸುವ ಮಾನದಂಡಗಳಿಂದಲೇ ಸ್ಮಾರಕಗೃಹವನ್ನೂ ವಿಮರ್ಶಿಸಬಹುದು. ಹಸ್ತಪ್ರತಿಯನ್ನು ಕೈಗೆತ್ತಿಕೊಂಡ ಸಂಪಾದಕನು ಮೊದಲು ಪಾಠದ ಪ್ರಾಮಾಣ್ಯವನ್ನು ಪರೀಕ್ಷಿಸುತ್ತಾನೆ. ಬಳಿಕ ಪ್ರಕ್ಷಿಪ್ತವಾವುದೆಂದು ಬೇರ್ಪಡಿಸುತ್ತಾನೆ. ಆಮೇಲೆ ಲುಪ್ತವಾದುದೇನೆಂದು ಹುಡುಕುತ್ತಾನೆ. ಕೊನೆಯಲ್ಲಿ ಆ ಗ್ರಂಥವು ಓದುಗನಿಗೆ ತಲುಪುವ ಬಗೆಯನ್ನು ಆಲೋಚಿಸುತ್ತಾನೆ. ಸ್ಮಾರಕಗೃಹದ ಎದುರಿನಲ್ಲಿಯೂ ಈ ನಾಲ್ಕೇ ಪ್ರಶ್ನೆಗಳು ನಿಲ್ಲುತ್ತವೆ. ಗೋಡೆ, ಕಂಬ, ತೊಲೆಗಳಲ್ಲಿ ಮೂಲದವು ಯಾವುವು? ಆಮೇಲೆ ಸೇರಿಸಿದವು ಯಾವುವು? ಆ ಮನೆಯ ಬಾಳಿನಲ್ಲಿ ತೋರಿಸದೆ ಬಿಟ್ಟುದೇನು? ಅಲ್ಲಿ ನಡೆದ ಕಾರ್ಯವು ನೋಡಬಂದವನಿಗೆ ತಲುಪುತ್ತಿದೆಯೆ? ಈ ಪ್ರಶ್ನೆಗಳನ್ನು ಕೇಳುತ್ತ ಹೋದರೆ ನಿಲುಗಡೆಯಾಗುವ ಸ್ಥಳವು ಪ್ರಸಿದ್ಧ ಕವಿನಿವಾಸಗಳಲ್ಲಿ ಯಾವುದೂ ಅಲ್ಲ. ಕೃಷ್ಣಾತೀರದ ಸೀಮೆಯಲ್ಲಿರುವ ನೇಕಾರರ ಊರು ರಬಕವಿ.

೨

ಮೊದಲು ಕುಪ್ಪಳಿಯನ್ನು ನೋಡಬೇಕು. ಕನ್ನಡದ ಸ್ಮಾರಕಗೃಹಗಳಲ್ಲಿ ಅದಕ್ಕೆ ಅಗ್ರಸ್ಥಾನ ಸಂದಿರುವುದು ನ್ಯಾಯವೇ ಆಗಿದೆ. ಮಲೆನಾಡಿನ ತೊಟ್ಟಿಮನೆಯ ರಚನೆ, ಮರದ ಕಂಬಗಳು, ಉಪ್ಪರಿಗೆ, ಒಕ್ಕಲುತನದ ಸಲಕರಣೆಗಳು, ಅಡುಗೆಮನೆಯ ಪಾತ್ರೆಪದಾರ್ಥಗಳು ಅಲ್ಲಿ ಒಂದು ಕಾಲದ ಗೃಹಜೀವನವನ್ನೇ ಕಣ್ಣೆದುರು ತರುತ್ತವೆ. ೧೯೯೨ರಲ್ಲಿ ಸ್ಥಾಪಿತವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಈ ಕಾರ್ಯವನ್ನು ನಿಷ್ಠೆಯಿಂದ ನಡೆಸಿದೆ. ೧೯೩೬ರ ‘ಕಾನೂರು ಹೆಗ್ಗಡಿತಿ’ಯನ್ನೂ ೧೯೬೭ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೂ ಓದಿ ಬಂದವನಿಗೆ ಆ ಜಗಲಿಯೂ ಅಂಗಳವೂ ಅಪರಿಚಿತವೆನಿಸುವುದಿಲ್ಲ. ಮನೆಯು ಕೃತಿಯ ಒಳಗೆ ಇದೆ. ಆದಕಾರಣ ಕೃತಿಯನ್ನು ಓದಿದವನು ಮನೆಯನ್ನು ಅರಿಯುತ್ತಾನೆ, ಮನೆಯನ್ನು ನೋಡಿದವನು ಕೃತಿಗೆ ಮರಳುತ್ತಾನೆ. ಇದು ಕುಪ್ಪಳಿಯ ನಿಜವಾದ ಸಿದ್ಧಿ.

ಆದರೂ ಒಂದೆರಡು ಮಾತುಗಳನ್ನು ಹೇಳಬೇಕಾಗುತ್ತದೆ. ಕುವೆಂಪು ಅವರು ೧೯೦೪ರ ಡಿಸೆಂಬರ್ ೨೯ರಂದು ಹುಟ್ಟಿದುದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕುಪ್ಪಳಿ ಅವರು ಬೆಳೆದ ಮನೆ. ‘ಶ್ರೀ ರಾಮಾಯಣ ದರ್ಶನಂ’ ಮೊದಲಾದ ಕೃತಿಗಳು ರೂಪುಗೊಂಡುದು ಮೈಸೂರಿನಲ್ಲಿ. ಹುಟ್ಟಿದ ಮನೆ, ಬೆಳೆದ ಮನೆ, ಬರೆದ ಮನೆ ಇವು ಮೂರೂ ಬೇರೆಬೇರೆ. ಸಂದರ್ಶಕರ ಮನಸ್ಸಿನಲ್ಲಿ ಮೂರೂ ಒಂದಾಗಿ ಬೆರೆಯುವುದು ಸಹಜ. ಅದನ್ನು ಬಿಡಿಸಿ ಹೇಳುವುದು ಸ್ಮಾರಕದ ಕರ್ತವ್ಯ. ಇನ್ನೊಂದು ಸಂಗತಿ: ೨೦೧೫ರ ನವೆಂಬರಿನಲ್ಲಿ ಕಳ್ಳರು ಈ ಮನೆಗೆ ನುಗ್ಗಿ ಪದ್ಮ ಪುರಸ್ಕಾರದ ಪದಕಗಳನ್ನು ಅಪಹರಿಸಿದರು. ನಾಡು ನೊಂದುಕೊಂಡಿತು. ಹಾಗೆ ನೊಂದುದು ಸರಿಯೇ. ಆದರೆ ಪದಕವು ಕವಿಗೆ ಲೋಕವು ಕೊಟ್ಟ ವಸ್ತು. ಕವಿಯು ಲೋಕಕ್ಕೆ ಕೊಟ್ಟ ವಸ್ತುವನ್ನು ಯಾವ ಕಳ್ಳನೂ ಒಯ್ಯಲಾರ. ಸ್ಮಾರಕಗೃಹವು ಈ ಎರಡರಲ್ಲಿ ಯಾವುದಕ್ಕೆ ಹೆಚ್ಚಿನ ಸ್ಥಳ ಕೊಡಬೇಕೆಂಬ ಪ್ರಶ್ನೆಯನ್ನು ಆ ಕಳವು ಎತ್ತಿತು.

ಯಾದವಗಿರಿಯ ಮನೆಯ ಕಥೆ ಬೇರೆ. ಆರ್. ಕೆ. ನಾರಾಯಣರು ತಾವೇ ಕಟ್ಟಿಸಿ ದೀರ್ಘಕಾಲ ವಾಸಿಸಿದ ಆ ಮನೆಯನ್ನು ೨೦೧೧ರಲ್ಲಿ ಕೆಡಹುವ ಕೆಲಸ ಆರಂಭವಾಗಿತ್ತು. ಸಾರ್ವಜನಿಕರ ಕೂಗಿನಿಂದ ಅದು ನಿಂತಿತು. ಮನೆಯು ಸಾರ್ವಜನಿಕ ಸ್ವತ್ತಾಗಿ, ದುರಸ್ತಿಗೊಂಡು, ೨೦೧೬ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇಂಗ್ಲಿಷಿನಲ್ಲಿ ಬರೆದ, ತಮಿಳು ಮನೆಮಾತಿನ ಲೇಖಕರಿಗೆ ಕನ್ನಡಿಗರ ಹಣದಿಂದ ಸ್ಮಾರಕವೇಕೆಂದು ಕೆಲವು ಕನ್ನಡ ಸಾಹಿತಿಗಳು ಆಗ ಆಕ್ಷೇಪಿಸಿದರು. ಮೈಸೂರಿನ ಬೀದಿಗಳ ಬಾಳನ್ನು ಮಾಲ್ಗುಡಿಯೆಂಬ ಊರಾಗಿಸಿ ಜಗತ್ತಿಗೆ ಪರಿಚಯಿಸಿದವರ ಮನೆಗೆ ಮೈಸೂರಿನಲ್ಲಿ ಸ್ಥಳವಿಲ್ಲವೆನ್ನುವುದು ಉದಾರವಾದ ಮಾತಲ್ಲ. ಆದರೆ ಆ ವಿವಾದದ ನಡುವೆ ಮುಖ್ಯವಾದೊಂದು ವಿಷಯ ಮರೆಯಾಯಿತು. ನಾರಾಯಣರ ಹಸ್ತಪ್ರತಿಗಳು ಮತ್ತು ಕಾಗದಪತ್ರಗಳ ದೊಡ್ಡ ಸಂಗ್ರಹವು ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿದೆ. ಬರೆದ ಕೋಣೆ ಮೈಸೂರಿನಲ್ಲಿ, ಬರೆದ ಹಾಳೆಗಳು ಸಾಗರದಾಚೆ. ಮನೆಯನ್ನು ಉಳಿಸಿಕೊಂಡ ನಗರಕ್ಕೆ ಆ ಹಾಳೆಗಳ ಛಾಯಾಪ್ರತಿಗಳನ್ನಾದರೂ ತರಿಸಿ ಇಡುವ ಅವಕಾಶವು ಇಂದಿಗೂ ತೆರೆದಿದೆ.

ಮೂಲ ಮತ್ತು ಪ್ರಕ್ಷಿಪ್ತಗಳ ವಿಷಯದಲ್ಲಿ ಗಯಟೆಯ ಮನೆಯ ನಿದರ್ಶನವು ಗಮನಾರ್ಹವಾದುದು. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರಲ್ಲಿ, ಆ ಮನೆಯು ಬಾಂಬಿನ ದಾಳಿಗೆ ಸಿಕ್ಕಿ ನೆಲಸಮವಾಯಿತು. ಒಳಗಿನ ಸಾಮಾನುಗಳನ್ನು ಮುಂಚಿತವಾಗಿ ಬೇರೆಡೆಗೆ ಸಾಗಿಸಿದ್ದುದರಿಂದ ಅವು ಉಳಿದವು. ೧೯೫೧ರ ಹೊತ್ತಿಗೆ ಮನೆಯನ್ನು ಹಿಂದಿನ ರೂಪದಲ್ಲಿಯೇ ಮತ್ತೆ ಕಟ್ಟಲಾಯಿತು. ಅದು ಪುನರ್ನಿರ್ಮಿತವೆಂಬುದನ್ನು ಯಾರೂ ಮುಚ್ಚಿಡುವುದಿಲ್ಲ. ಕನ್ನಡ ನಾಡಿನ ಸ್ಮಾರಕಗಳಲ್ಲಿ ಹಳೆಯ ತೊಲೆಗೂ ಹೊಸ ತೊಲೆಗೂ ಒಂದೇ ಬಣ್ಣ ಬಳಿದು ಭೇದವನ್ನು ಅಳಿಸುವ ರೂಢಿಯುಂಟು. ಸಂಪಾದಕನು ತಾನು ಊಹಿಸಿ ಸೇರಿಸಿದ ಅಕ್ಷರವನ್ನು ಕಂಸದಲ್ಲಿ ಇಡುತ್ತಾನೆ. ಸ್ಮಾರಕಕಾರನಿಗೂ ಆ ನಿಯಮವೇ ಅನ್ವಯಿಸಬೇಕು.

೩

ಶರಣ ಪರಂಪರೆಯ ಸ್ಥಳಗಳಿಗೆ ಬಂದಾಗ ಈ ಪ್ರಶ್ನೆಗಳು ಇನ್ನೂ ಸೂಕ್ಷ್ಮವಾಗುತ್ತವೆ. ಬಸವನ ಬಾಗೇವಾಡಿಯಲ್ಲಿ ಬಸವಣ್ಣನವರ ಮನೆಯಿದ್ದುದೆಂದು ಪರಂಪರೆಯು ಗುರುತಿಸುವ ಸ್ಥಳದಲ್ಲಿ ಇಂದು ಸ್ಮಾರಕವಿದೆ. ಜನ್ಮಸ್ಥಳವು ಬಾಗೇವಾಡಿಯೋ ತಾಯಿಯ ತವರಾದ ಇಂಗಳೇಶ್ವರವೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಹನ್ನೆರಡನೆಯ ಶತಮಾನದ ವಾಸದ ಮನೆಯೊಂದು ಗೋಡೆ ತೊಲೆಗಳ ಸಹಿತ ಉಳಿದು ಬರುವುದು ಈ ಸೀಮೆಯ ಮಣ್ಣಿನಲ್ಲಿ ಸಾಧ್ಯವಾದ ಮಾತಲ್ಲ. ಆದುದರಿಂದ ಅಲ್ಲಿ ಉಳಿದಿರುವುದನ್ನು ಸ್ಥಳದ ಸ್ಮೃತಿಯೆಂದು ಕರೆಯುವುದು ಸರಿಯಾದೀತು. ಸ್ಮೃತಿಗೆ ತನ್ನದೇ ಆದ ಬೆಲೆಯುಂಟು. ಆದರೆ ಅದನ್ನು ವಾಸ್ತುಪ್ರಮಾಣವೆಂದು ತೋರಿಸಬಾರದು.

ಇಲ್ಲಿ ಇನ್ನೊಂದು ವಿಶೇಷವುಂಟು. ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಓದಿದವರಿಗೆ ತಿಳಿದಿರುವಂತೆ, ಬಸವಣ್ಣನವರ ಜೀವನದ ಮೊದಲ ಮಹತ್ತ್ವದ ಕಾರ್ಯವೇ ಹುಟ್ಟಿದ ಮನೆಯನ್ನು ತೊರೆದು ಸಂಗಮಕ್ಕೆ ನಡೆದುದು. ಹೀಗಿರಲು ಬಾಗೇವಾಡಿಯ ಮನೆಯು ಇದ್ದುಬಾಳಿದ ಮನೆಯಾಗಿರುವಂತೆಯೇ ಬಿಟ್ಟುಹೋದ ಮನೆಯೂ ಹೌದು. ಅದರ ಬಾಗಿಲಿಗೆ ಒಳಗೆ ಬರುವವರಿಗಿಂತ ಹೊರಗೆ ಹೋದವರಿಂದ ಅರ್ಥ ಬಂದಿದೆ. ತೊಟ್ಟಿಲನ್ನು ತೋರಿಸುವುದು ಸುಲಭ, ಹೊಸ್ತಿಲನ್ನು ದಾಟಿದ ಕಾರಣವನ್ನು ತೋರಿಸುವುದು ಕಷ್ಟ. ಈ ಕಷ್ಟವನ್ನು ಕೈಗೆತ್ತಿಕೊಳ್ಳದ ಸ್ಮಾರಕವು ಎಷ್ಟೇ ಭವ್ಯವಾಗಿದ್ದರೂ ಅಪೂರ್ಣವೇ.

ಶರಣರು ಸ್ಥಾವರವನ್ನು ಅಲ್ಲಗಳೆದು ಜಂಗಮವನ್ನು ಎತ್ತಿಹಿಡಿದವರಾದುದರಿಂದ ಅವರಿಗೆ ಸ್ಮಾರಕಗೃಹವೇ ಸಲ್ಲದೆಂದು ವಾದಿಸುವವರುಂಟು. ಈ ವಾದಕ್ಕೆ ಬಲವಿದೆ. ಅದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಚರಿತ್ರೆಯು ಇನ್ನೊಂದು ಸಾಕ್ಷ್ಯವನ್ನು ಮುಂದಿಡುತ್ತದೆ. ಕಲ್ಯಾಣದ ವಿಪ್ಲವದ ತರುವಾಯ ವಚನಗಳು ಉಳಿದುದು ಬಾಯಿಂದ ಬಾಯಿಗೆ ಹರಿದ ಮಾತಿನಿಂದ ಮಾತ್ರವೇ ಅಲ್ಲ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ವಚನಗಳ ಸಂಕಲನ ಮತ್ತು ವ್ಯಾಖ್ಯಾನದ ದೊಡ್ಡ ಕಾರ್ಯ ನಡೆಯಿತು. ಆ ಸಂಕಲನಗಳು ತಾಡೋಲೆಯ ಕಟ್ಟುಗಳಾಗಿ ಮಠಗಳಿಗೂ ಮನೆಗಳಿಗೂ ಹಂಚಿಹೋದವು. ಮುಂದಿನ ನಾಲ್ಕು ಶತಮಾನಗಳ ಕಾಲ ಅವುಗಳನ್ನು ಮಳೆಯಿಂದ, ಗೆದ್ದಲಿನಿಂದ, ಬೆಂಕಿಯಿಂದ ಕಾಯ್ದುದು ಒಂದು ಸೂರು, ಒಂದು ಗೂಡು, ಒಂದು ಪೆಟ್ಟಿಗೆ. ಜಂಗಮವಾದ ನುಡಿಯು ಸ್ಥಾವರವಾದ ಮನೆಯ ಆಸರೆಯನ್ನು ಬೇಡಿತು, ಪಡೆಯಿತು. ಆದಕಾರಣ ಮನೆಯನ್ನು ಅಲ್ಲಗಳೆಯಬೇಕಾಗಿಲ್ಲ; ಮನೆಯು ಯಾವುದಕ್ಕೆ ಆಸರೆಯಾಗಿತ್ತೆಂಬುದನ್ನು ಮರೆಯದಿದ್ದರೆ ಸಾಕು.

೪

ಈ ಮಾತಿಗೆ ಉತ್ತಮ ನಿದರ್ಶನವು ರಬಕವಿಯದು. ರಬಕವಿ ಬನಹಟ್ಟಿಗಳು ಒಂದಕ್ಕೊಂದು ಹೊಂದಿಕೊಂಡು ಬೆಳೆದ ಅವಳಿ ಊರುಗಳು. ಎರಡೂ ಊರುಗಳ ಮುಖ್ಯ ಕಾಯಕ ನೇಯ್ಗೆ. ಕುಣಿಮಗ್ಗದ ಸದ್ದು ವಿದ್ಯುತ್ ಮಗ್ಗದ ಸದ್ದಾಗಿ ಬದಲಾದರೂ ಸೀರೆಯ ವ್ಯಾಪಾರ ನಿಂತಿಲ್ಲ. ಇಂದು ಒಂದೇ ನಗರಸಭೆಯ ಹೆಸರಿನಲ್ಲಿ ಸೇರಿಕೊಂಡಿರುವ ಈ ಎರಡು ಊರುಗಳು ಸಂಸ್ಥಾನಗಳ ಕಾಲದಲ್ಲಿ ಬೇರೆಬೇರೆ ಒಡೆತನಕ್ಕೆ ಸೇರಿದ್ದವು. ರಬಕವಿ ಸಾಂಗಲಿ ಸಂಸ್ಥಾನದಲ್ಲಿ, ಬನಹಟ್ಟಿ ಜಮಖಂಡಿ ಸಂಸ್ಥಾನದಲ್ಲಿ, ನೆರೆಯ ಮಹಾಲಿಂಗಪುರ ಮುಧೋಳ ಸಂಸ್ಥಾನದಲ್ಲಿ. ದರಬಾರಿನ ಭಾಷೆ ಮರಾಠಿ, ಮನೆಯ ಮತ್ತು ಮಗ್ಗದ ಭಾಷೆ ಕನ್ನಡ. ಕನ್ನಡಕ್ಕೆ ಆಳರಸರ ಆಸರೆ ಕಡಿಮೆಯಾಗಿದ್ದ ಇಂಥ ಸೀಮೆಯಲ್ಲಿ ಕನ್ನಡ ಗ್ರಂಥಗಳನ್ನು ಕಾಯುವ ಹೊಣೆಯು ಮಠಗಳ ಮೇಲೂ ಗೃಹಸ್ಥರ ಮೇಲೂ ಬಿದ್ದುದು ಸಹಜ.

ಈ ಸೀಮೆಗೆ ಅದು ಹೊಸ ಹೊಣೆಯೂ ಆಗಿರಲಿಲ್ಲ. ಸಮೀಪದ ಮುಧೋಳವು ಕವಿಚಕ್ರವರ್ತಿ ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿ ‘ಗದಾಯುದ್ಧ’ವನ್ನು ಬರೆದ ಆ ಕವಿಯ ಮನೆಯ ಒಂದು ಇಟ್ಟಿಗೆಯನ್ನೂ ಇಂದು ಯಾರೂ ತೋರಿಸಲಾರರು. ಕಾವ್ಯವು ಮಾತ್ರ ಸಾವಿರ ವರ್ಷಗಳನ್ನು ದಾಟಿ ಬಂದಿದೆ. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ಕ್ಕೆ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಕಾವ್ಯವನ್ನು ಕಾಯುವ ಉಪಾಯವೆಂದರೆ ಅದರ ಪ್ರತಿಗಳನ್ನು ಹಲವು ಮನೆಗಳಿಗೆ ಹಂಚುವುದೆಂದು ಆ ಮಹಾತಾಯಿ ಹತ್ತನೆಯ ಶತಮಾನದಲ್ಲಿಯೇ ಅರಿತಿದ್ದಳು. ಒಂದು ಮನೆ ಬಿದ್ದರೂ ಇನ್ನೊಂದು ಮನೆ ನಿಂತಿರುತ್ತದೆ.

ತಾಡೋಲೆಯ ಕಟ್ಟು ಮನೆಯಲ್ಲಿ ಬಾಳುವ ಬಗೆಯನ್ನು ಇಲ್ಲಿ ನೆನೆಯಬೇಕು. ಹದಮಾಡಿದ ಗರಿಗಳ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಮಸಿ ತೊಡೆದು, ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು, ವಸ್ತ್ರದಲ್ಲಿ ಸುತ್ತಿ ಇಡುವುದು ವಾಡಿಕೆ. ಓದುವ ಮನೆಯಲ್ಲಿ ಅದು ಶ್ರಾವಣದಲ್ಲಿ, ಪುರಾಣ ಪ್ರವಚನದ ದಿನಗಳಲ್ಲಿ ಹೊರಬರುತ್ತದೆ. ಗಾಳಿ ಬೆಳಕು ಸೋಕುತ್ತದೆ, ಹುಳಹುಪ್ಪಟೆ ಹತ್ತುವುದಿಲ್ಲ. ಓದು ನಿಂತ ಮನೆಯಲ್ಲಿ ಅದು ಜಗುಲಿಯ ಮೇಲೆ ಕುಂಕುಮ ವಿಭೂತಿಗಳಿಂದ ಪೂಜೆಗೊಳ್ಳುತ್ತ, ಬಿಚ್ಚದ ಗಂಟಿನೊಳಗೆ ಹುಡಿಯಾಗುತ್ತದೆ. ಓದಲಾರದ ಕಟ್ಟುಗಳನ್ನು ಭಕ್ತಿಯಿಂದಲೇ ಹೊಳೆಗೆ ಬಿಟ್ಟ ಮನೆಗಳೂ ನಾಡಿನಲ್ಲಿದ್ದವು. ಪೂಜೆಯು ಗ್ರಂಥವನ್ನು ಕಾಯಲಾರದು, ಓದು ಕಾಯುತ್ತದೆ ಎಂಬ ಸತ್ಯವನ್ನು ಹಸ್ತಪ್ರತಿಗಳ ಚರಿತ್ರೆಯು ಮತ್ತೆ ಮತ್ತೆ ಸಾರಿದೆ.

ಇಂಥ ಹಿನ್ನೆಲೆಯಲ್ಲಿ ರಬಕವಿಯ ಮಂಚಾಲೆಯವರ ಮನೆಯ ಪ್ರಸಂಗವು ವಚನ ಸಾಹಿತ್ಯದ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಶಿವಲಿಂಗಪ್ಪ ಮಂಚಾಲೆಯವರ ಮನೆಯಲ್ಲಿ ‘ಪ್ರಭುದೇವರ ವಚನ’, ‘ಷಟ್‌ಸ್ಥಲ ತಿಲಕ’ ಎಂಬ ತಾಡೋಲೆಯ ಗ್ರಂಥಗಳನ್ನು ನೋಡಿದರೆಂದು ಅವರ ಚರಿತ್ರೆಗಳು ಹೇಳುತ್ತವೆ. ಕಾನೂನು ಓದಿ ವೃತ್ತಿಜೀವನದ ಹೊಸ್ತಿಲಲ್ಲಿದ್ದ ತರುಣರಿಗೆ ಅಲ್ಲಿ ಒಂದು ಲೋಕವೇ ತೆರೆದುಕೊಂಡಿತು. ವಚನಗಳು ಅದಕ್ಕೆ ಮೊದಲು ಮುದ್ರಣವನ್ನು ಕಂಡೇ ಇರಲಿಲ್ಲವೆಂದಲ್ಲ. ಆದರೆ ಚದರಿಹೋದ ಕಟ್ಟುಗಳನ್ನು ಮನೆಮನೆಗೆ ಹೋಗಿ ಸಂಗ್ರಹಿಸಿ, ಹೋಲಿಸಿ, ವಿಷಯಾನುಸಾರವಾಗಿ ವಿಂಗಡಿಸಿ ಲೋಕದ ಮುಂದಿಡುವ ಜೀವಮಾನದ ವ್ರತವನ್ನು ತೊಟ್ಟವರು ಹಳಕಟ್ಟಿಯವರು. ಆ ವ್ರತಕ್ಕೆ ಪ್ರೇರಣೆಯಾದ ಮನೆಗಳಲ್ಲಿ ರಬಕವಿಯ ಮನೆಗೆ ಎದ್ದುಕಾಣುವ ಸ್ಥಾನವುಂಟು.

ಆ ಮನೆಯು ಎರಡು ಕಾರ್ಯಗಳನ್ನು ಮಾಡಿತು. ತಲೆಮಾರುಗಳ ಕಾಲ ಗ್ರಂಥವನ್ನು ಕಾಯ್ದುದು ಒಂದು. ಕೇಳಿ ಬಂದವರಿಗೆ ಗಂಟು ಬಿಚ್ಚಿ ತೋರಿಸಿದುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಸುಲಭವೆಂದು ಭಾವಿಸಬಾರದು. ಹೊರಗಿನವರಿಗೆ ಗ್ರಂಥವನ್ನು ತೋರಿಸಿದರೆ ಮನೆತನಕ್ಕೆ ಕೇಡೆಂಬ ಅಂಜಿಕೆ, ಕೊಟ್ಟದ್ದು ಮರಳಿ ಬಾರದೆಂಬ ಸಂಶಯ ಇವು ಹಸ್ತಪ್ರತಿಗಳನ್ನು ಅರಸಿ ತಿರುಗಿದ ಎಲ್ಲ ವಿದ್ವಾಂಸರಿಗೂ ಎದುರಾದ ಅಡ್ಡಿಗಳು. ಆ ಅಡ್ಡಿಯನ್ನು ದಾಟಿದ ಗೃಹಸ್ಥರ ಹೆಸರು ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ಒಂದು ಸಾಲಿಗೆ ಮೀರುವುದಿಲ್ಲ. ಗಣ್ಯರ ಮನೆಗಳ ಪಟ್ಟಿಯಲ್ಲಿ ಅವರ ಮನೆ ಸೇರುವುದೂ ಇಲ್ಲ. ಸ್ಮಾರಕಗೃಹವೆಂಬ ಕಲ್ಪನೆಯ ದೊಡ್ಡ ಲೋಪವಿದು. ಬರೆದವನ ಮನೆಯನ್ನು ಅದು ಗುರುತಿಸುತ್ತದೆ. ಕಾಯ್ದವನ ಮನೆಯನ್ನು ಮರೆಯುತ್ತದೆ.

೫

ಇನ್ನು ಹಳಕಟ್ಟಿಯವರ ಸ್ವಂತ ಮನೆಯ ವಿಚಾರ. ೧೮೮೦ರ ಜುಲೈ ೨ರಂದು ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ಉಚ್ಚ ಶಿಕ್ಷಣ ಮುಗಿಸಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದ ಅವರು ಆ ಊರಿನ ಸಾರ್ವಜನಿಕ ಜೀವನದ ಆಧಾರಸ್ತಂಭವಾದರು. ೧೯೧೦ರಲ್ಲಿ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಘ, ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕು ಅವರ ಮುಂದಾಳುತನದಲ್ಲಿ ಸ್ಥಾಪಿತವಾದವು. ಮುಂಬಯಿ ಶಾಸನಸಭೆಯ ಸದಸ್ಯರಾಗಿಯೂ ಅವರು ಸೇವೆ ಸಲ್ಲಿಸಿದರು. ಇಂಥ ವಕೀಲರು ಬಯಸಿದ್ದರೆ ವಿಜಾಪುರದಲ್ಲಿ ಅರಮನೆಯನ್ನೇ ಕಟ್ಟಿಸಬಹುದಾಗಿತ್ತು.

ಅವರ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವು ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚಾಗಿ ಪ್ರಕಟವಾಯಿತು. ಸಂಗ್ರಹವಾದ ಸಾಹಿತ್ಯದ ರಾಶಿಗೆ ಹೋಲಿಸಿದರೆ ಅದು ಆರಂಭ ಮಾತ್ರ. ಅನ್ಯರ ಮುದ್ರಣಾಲಯವನ್ನು ನೆಚ್ಚಿ ಕುಳಿತರೆ ಕಾರ್ಯ ಮುಗಿಯದೆಂದು ಮನಗಂಡ ಹಳಕಟ್ಟಿಯವರು ತಮ್ಮ ಸ್ವಂತ ಮನೆಯನ್ನು ಮಾರಿ, ಆ ಹಣದಿಂದ ೧೯೨೫ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಬಂದಿತು. ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ ಆರಂಭವಾಯಿತು. ‘ಶಿವಾನುಭವ’ವು ಮೂರು ದಶಕಗಳಿಗೂ ಮೀರಿ ನಡೆಯಿತು. ಅದೇ ೧೯೨೬ರಲ್ಲಿ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರಾದರು. ಸಮ್ಮೇಲನದ ಅಧ್ಯಕ್ಷಪೀಠದಲ್ಲಿ ಕುಳಿತ ಆ ವರ್ಷ ಅವರಿಗೆ ಆ ಮನೆ ಇರಲಿಲ್ಲ.

ಈ ಪ್ರಸಂಗವನ್ನು ತ್ಯಾಗದ ನಿದರ್ಶನವೆಂದು ಭಾಷಣಗಳಲ್ಲಿ ಕೊಂಡಾಡುವುದು ರೂಢಿಯಾಗಿದೆ. ಕೊಂಡಾಟಕ್ಕೆ ಅದು ಯೋಗ್ಯವೂ ಹೌದು. ಆದರೆ ವಿಮರ್ಶೆಯು ಅಷ್ಟಕ್ಕೇ ನಿಲ್ಲುವಂತಿಲ್ಲ. ಮನೆಯನ್ನು ಮಾರುವ ನಿರ್ಧಾರವನ್ನು ಯಜಮಾನರು ಮಾಡುತ್ತಾರೆ, ಅದರ ಭಾರವನ್ನು ಮನೆಯವರೆಲ್ಲ ಹೊರುತ್ತಾರೆ. ಹಳಕಟ್ಟಿಯವರ ಪತ್ನಿ ಭಾಗೀರಥಿಬಾಯಿಯವರ ಹೆಸರು ಆ ಭಾಷಣಗಳಲ್ಲಿ ಕೇಳಿಬರುವುದು ಅಪರೂಪ. ವಚನ ಸಾಹಿತ್ಯದ ಮುದ್ರಣಕ್ಕೆ ತೆತ್ತ ಬೆಲೆಯಲ್ಲಿ ಅವರ ಪಾಲೂ ಇದೆ. ಇನ್ನೂ ಕಠಿನವಾದ ಪ್ರಶ್ನೆಯೊಂದುಂಟು. ಶ್ರೀಮಂತ ವರ್ತಕರೂ ಜಮೀನುದಾರರೂ ಮಠಗಳೂ ಸಾಕಷ್ಟಿದ್ದ ಸೀಮೆಯಲ್ಲಿ ಒಂದು ಮುದ್ರಣಯಂತ್ರಕ್ಕಾಗಿ ಒಬ್ಬ ವಿದ್ವಾಂಸರು ತಮ್ಮ ಮನೆಯನ್ನು ಏಕೆ ಮಾರಬೇಕಾಯಿತು? ಅವರ ತ್ಯಾಗವನ್ನು ಎಷ್ಟು ಹೊಗಳಿದರೂ ಆ ಹೊಗಳಿಕೆಯು ಸಮಾಜದ ಔದಾಸೀನ್ಯಕ್ಕೆ ಮರೆಯಾಗಬಾರದು. ‘ವಚನಪಿತಾಮಹ’ರೆಂಬ ಬಿರುದನ್ನು ಕೊಟ್ಟ ಸಮಾಜವು ಒಂದು ಅಚ್ಚಿನ ಯಂತ್ರವನ್ನೂ ಕೊಟ್ಟಿದ್ದರೆ ಆ ಮನೆ ಉಳಿಯುತ್ತಿತ್ತು.

ಹೀಗೆ ವಚನ ಸಾಹಿತ್ಯದ ಆಧುನಿಕ ಚರಿತ್ರೆಯಲ್ಲಿ ಎರಡು ಮನೆಗಳು ಎದುರುಬದುರಾಗಿ ನಿಲ್ಲುತ್ತವೆ. ರಬಕವಿಯದು ಗ್ರಂಥವನ್ನು ಕಾಯ್ದ ಮನೆ. ವಿಜಾಪುರದ್ದು ಗ್ರಂಥಕ್ಕಾಗಿ ಮಾರಿದ ಮನೆ. ಮೊದಲನೆಯದರಲ್ಲಿ ಓಲೆಗರಿಗಳು ಒಳಗಿದ್ದು ಉಳಿದವು, ಎರಡನೆಯದು ತಾನೇ ಕರಗಿ ಅಚ್ಚಿನ ಮೊಳೆಗಳಾಯಿತು. ಸ್ಮಾರಕಗೃಹದ ವಾಡಿಕೆಯ ಕಲ್ಪನೆಗೆ ಎರಡೂ ಒಗ್ಗುವುದಿಲ್ಲ. ಒಂದರಲ್ಲಿ ವಾಸಿಸಿದವರು ಗ್ರಂಥಕರ್ತರಲ್ಲ, ಇನ್ನೊಂದರಲ್ಲಿ ಗ್ರಂಥಕರ್ತರು ಉಳಿಯಲಿಲ್ಲ. ಆದರೂ ಈ ಎರಡು ಮನೆಗಳಿಲ್ಲದೆ ಕನ್ನಡಿಗರ ಕೈಯಲ್ಲಿರುವ ವಚನ ಸಂಪುಟಗಳ ಕಥೆ ಪೂರ್ಣವಾಗುವುದಿಲ್ಲ. ಶಿ. ಶಿ. ಬಸವನಾಳರು ಸಂಪಾದಿಸಿದ ಬಸವಣ್ಣನವರ ಷಟ್‌ಸ್ಥಲದ ವಚನಗಳು, ಅನಂತರ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಆರ್. ಸಿ. ಹಿರೇಮಠರು ನಡೆಸಿದ ಸಂಪಾದನಕಾರ್ಯ, ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಂದ ಸಮಗ್ರ ವಚನ ಸಾಹಿತ್ಯದ ೧೫ ಸಂಪುಟಗಳು ಇವೆಲ್ಲವೂ ಹಳಕಟ್ಟಿಯವರು ಹಾಕಿದ ಅಡಿಪಾಯದ ಮೇಲೆ ಎದ್ದವು. ಅವರ ಪಾಠಗಳಲ್ಲಿ ದೋಷಗಳನ್ನು ಈ ವಿದ್ವಾಂಸರು ತೋರಿಸಿಕೊಟ್ಟರು, ತಿದ್ದಿದರು. ಅದು ಅಡಿಪಾಯಕ್ಕೆ ಮಾಡಿದ ಅವಮಾನವಲ್ಲ, ಅದರ ಮೇಲೆ ಮನೆ ಕಟ್ಟುವ ರೀತಿಯೇ ಅದು.

೬

ಹಳಕಟ್ಟಿಯವರಿಗೆ ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ೧೯೬೪ರ ಜೂನ್ ೨೯ರಂದು ಅವರು ಲಿಂಗೈಕ್ಯರಾದರು. ಅವರೇ ಬೆಳೆಸಿದ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವು ನಡೆಯುತ್ತಿದೆ. ಅವರ ಜನ್ಮದಿನವು ವಚನ ಸಂರಕ್ಷಣೆಯ ದಿನವಾಗಿ ಆಚರಣೆಗೊಳ್ಳುತ್ತಿದೆ. ಮನೆಯನ್ನು ಮಾರಿದವರಿಗೆ ಸಂಶೋಧನ ಕೇಂದ್ರವೇ ತಕ್ಕ ಮನೆಯೆಂಬುದರಲ್ಲಿ ಸಂಶಯವಿಲ್ಲ. ಸ್ಮಾರಕವು ಕಾರ್ಯವನ್ನು ಮುಂದುವರಿಸುವುದಾದರೆ ಇಟ್ಟಿಗೆ ಕಲ್ಲುಗಳ ಕೊರತೆ ಅಷ್ಟು ಕಾಡದು.

ಉಳಿದಿರುವುದು ಕಾಯ್ದವರ ಋಣ. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ, 
ಜಮಖಂಡಿ, ಮುಧೋಳಗಳ ಹಳೆಯ ಮನೆಗಳು ಒಂದೊಂದಾಗಿ ಕೆಡಹಲ್ಪಟ್ಟು ಹೊಸ ಕಟ್ಟಡಗಳಾಗುತ್ತಿರುವ ಕಾಲವಿದು. ತೊಲೆ ಜಂತಿಗಳನ್ನು ಇಳಿಸುವಾಗ ಗೂಡಿನೊಳಗಿನ ಗಂಟುಗಳೂ ಇಳಿಯುತ್ತವೆ. ಅವುಗಳಲ್ಲಿ ಓಲೆಗರಿಯಿರಬಹುದು, ಕೋರಿಕಾಗದದ ಪ್ರತಿಯಿರಬಹುದು, ಪುರಾಣದ ಅಚ್ಚುಪ್ರತಿಯ ಅಂಚಿನಲ್ಲಿ ಅಜ್ಜನು ಬರೆದಿಟ್ಟ ಟಿಪ್ಪಣಿಯಿರಬಹುದು, ಮಗ್ಗದ ಲೆಕ್ಕದ ಕಿರ್ದಿಯಿರಬಹುದು. ಎಲ್ಲ ಮನೆಗಳನ್ನೂ ವಸ್ತುಸಂಗ್ರಹಾಲಯ ಮಾಡುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಮನೆ ಕೆಡಹುವ ಮುನ್ನ ಗಂಟು ಬಿಚ್ಚಿ, ಓದಬಲ್ಲವರಿಗೆ ತೋರಿಸಿ, ಛಾಯಾಪ್ರತಿ ತೆಗೆಸಿ, ಮೂಲವನ್ನು ಮಠದ ಅಥವಾ ವಿಶ್ವವಿದ್ಯಾಲಯದ ಹಸ್ತಪ್ರತಿ ಭಾಂಡಾರಕ್ಕೆ ಒಪ್ಪಿಸುವುದು ಮಾತ್ರ ಎಲ್ಲ ಮನೆಗಳಿಂದಲೂ ಸಾಧ್ಯ. ಹಾಗೆ ಒಪ್ಪಿಸಿದ ಮನೆತನದ ಹೆಸರನ್ನು ಗ್ರಂಥದ ಮೊದಲ ಪುಟದಲ್ಲಿ, ಗ್ರಂಥಕರ್ತನ ಹೆಸರಿನ ಕೆಳಗೆ, ಕಾಣುವಂತೆ ಮುದ್ರಿಸುವುದು ಸಂಪಾದಕರ ಕೆಲಸ.

ಇನ್ನು ಸ್ಥಾಪಿತವಾಗಿರುವ ಮತ್ತು ಮುಂದೆ ಸ್ಥಾಪಿತವಾಗುವ ಸ್ಮಾರಕಗೃಹಗಳಿಂದ ನಾಡು ನಾಲ್ಕು ಸಂಗತಿಗಳನ್ನು ನಿರೀಕ್ಷಿಸಬಹುದು. ಮೂಲದ ಭಾಗಕ್ಕೂ ಹೊಸದಾಗಿ ಕಟ್ಟಿದ ಭಾಗಕ್ಕೂ ಇರುವ ಭೇದವನ್ನು ಫಲಕದಲ್ಲಿ ನಿಸ್ಸಂಕೋಚವಾಗಿ ಬರೆಯಬೇಕು. ಹುಟ್ಟಿದ, ಬೆಳೆದ, ದುಡಿದ ಮನೆಗಳನ್ನು ಒಂದರೊಳಗೊಂದು ಬೆರೆಸಬಾರದು. ಮನೆಯ ಹೆಂಗಸರನ್ನೂ ಆಳುಕಾಳುಗಳನ್ನೂ ಮರೆಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಆ ಮನೆಯಲ್ಲಿ ಕುಳಿತು ಓದಲು ಒಂದು ಚಾಪೆಯೂ ಆ ಮಹನೀಯರ ಗ್ರಂಥಗಳೂ ಇರಬೇಕು. ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಪುಸ್ತಕಕ್ಕೂ ಬಿಚ್ಚದ ಗಂಟಿನಲ್ಲಿ ಪೂಜೆಗೊಳ್ಳುವ ತಾಡೋಲೆಗೂ ಹೆಚ್ಚಿನ ಅಂತರವಿಲ್ಲ. ರಬಕವಿಯ ಗೃಹಸ್ಥರು ಅಂದು ಗಂಟನ್ನು ಬಿಚ್ಚಿದರು. ಮುಂದಿನದೆಲ್ಲ ಅದರಿಂದ ಸಾಧ್ಯವಾಯಿತು.